ಬೆಲೂನಿನಲ್ಲಿ ಆಕಾಶಯಾನ

ಕಳೆದ ಬೇಸಿಗೆಯ ರಜೆಯಲ್ಲಿ ನಾನು ನನ್ನ ಸ್ನೇಹಿತೆಯೊಬ್ಬರೊಡನೆ ತುರ್ಕಿ ದೇಶದಲ್ಲಿ ಪ್ರವಾಸಮಾಡಿ ಬಂದ ಸಂಗತಿಯನ್ನು ನಮ್ಮ ವಿದ್ಯಾರ್ಥಿನಿಯರು ಬಲ್ಲರು. ಆ ಪ್ರವಾಸದಲ್ಲಿ ನಾವು ಎಷ್ಟೋ ಪುರಾತನ ಪಟ್ಟಣಗಳನ್ನೂ ದೇವಾಲಯಗಳನ್ನೂ ನೋಡಿದೆವು. ಆದರೆ ಶಾಲೆಯು ತೆರೆದಂದಿನಿಂದ ಹುಡುಗಿಯರು ನನ್ನನ್ನು ಕೇಳುತ್ತಿರುವುದು ಅವುಗಳ ವಿಷಯವನ್ನಲ್ಲ. ನಾವಿಬ್ಬರೂ ಬೆಲೂನನ್ನು ಹತ್ತಿ ಒಂದು ಗಂಟೆಯ ಕಾಲ ಆಕಾಶದಲ್ಲಿ ತೇಲಿದ ವಿಷಯವನ್ನೇ. ರೆಕ್ಕೆಯೂ ಇಂಜಿನೂ ಇಲ್ಲದ ಆ ಚೀಲವು ಮೇಲಕ್ಕೇರುವುದು ಹೇಗೆ? ಬಟ್ಟೆಯ ಕೆಳಗೆ ಬೆಂಕಿಯಿಟ್ಟರೆ ಬಟ್ಟೆ ಸುಡುವುದಿಲ್ಲವೇ? ಚುಕ್ಕಾಣಿಯಿಲ್ಲದ ಮೇಲೆ ಅದನ್ನು ನಡೆಸುವವನು ಏನು ಮಾಡುತ್ತಾನೆ? ನಿಮಗೆ ಭಯವಾಗಲಿಲ್ಲವೇ? ಈ ನಾಲ್ಕು ಪ್ರಶ್ನೆಗಳಿಗೂ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಉತ್ತರಹೇಳುವುದಕ್ಕಿಂತ, ಈ ಸಂಚಿಕೆಯಲ್ಲಿ ಎಲ್ಲರಿಗೂ ಒಟ್ಟಾಗಿ ತಿಳಿಸುವುದು ಲೇಸೆಂದು ತೋರಿದುದರಿಂದ ಈ ಲೇಖನವನ್ನು ಬರೆದಿರುತ್ತೇನೆ.

ಬೆಲೂನು ಮೇಲಕ್ಕೇರುವ ಕಾರಣ

ಅಡಿಗೆಯ ಮನೆಯಲ್ಲಿ ಒಲೆಯ ಮುಂದೆ ಕುಳಿತವರೆಲ್ಲರೂ ಹೊಗೆಯು ಮೇಲಕ್ಕೇರುವುದನ್ನು ಕಂಡಿದ್ದಾರೆ. ತರಗೆಲೆಗಳನ್ನು ಗುಡ್ಡೆಹಾಕಿ ಉರಿಹಚ್ಚಿದರೆ ಸುಟ್ಟ ಎಲೆಯ ಚೂರುಗಳು ಮಾಡಿನೆತ್ತರಕ್ಕೆ ಹಾರುವುದನ್ನೂ ಕಂಡಿದ್ದಾರೆ. ಅವುಗಳನ್ನು ಎತ್ತುವುದು ಬೆಂಕಿಯಲ್ಲ, ಬೆಂಕಿಯಿಂದ ಕಾದ ಗಾಳಿ.

ಗಾಳಿಗೆ ತೂಕವಿಲ್ಲವೆಂದು ನಾವು ಸಾಧಾರಣವಾಗಿ ಭಾವಿಸುತ್ತೇವೆ. ಇದು ನಿಜವಲ್ಲ. ೨೦ ಮೀಟರ್ ಉದ್ದ, ೧೦ ಮೀಟರ್ ಅಗಲ, ೫ ಮೀಟರ್ ಎತ್ತರವಿರುವ ಒಂದು ಶಾಲಾ ಹಾಲನ್ನು ಮನಸ್ಸಿಗೆ ತಂದುಕೊಳ್ಳಿರಿ. ಅದರೊಳಗೆ ಸಾವಿರ ಘನಮೀಟರ್ ಗಾಳಿಯಿರುತ್ತದೆ. ಆ ಗಾಳಿಯ ತೂಕವು ಸುಮಾರು ೧,೨೦೦ ಕಿಲೋಗ್ರಾಂ. ಅಂದರೆ ಐವತ್ತು ಕಿಲೋ ತೂಗುವ ಇಪ್ಪತ್ತನಾಲ್ಕು ಅಕ್ಕಿಯ ಮೂಟೆಗಳಷ್ಟು. ಈಗ ಆ ಹಾಲಿನ ಗಾಳಿಯನ್ನು ೧೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದೆವೆಂದು ಊಹಿಸೋಣ. ಕಾದ ಗಾಳಿಯು ಹಿಗ್ಗುತ್ತದೆ. ಹಿಗ್ಗಿದುದಕ್ಕೆ ಸ್ಥಳ ಸಾಲದೆ ಐದರಲ್ಲೊಂದು ಪಾಲು ಕಿಟಕಿ ಬಾಗಿಲುಗಳಿಂದ ಹೊರಕ್ಕೆ ಹೋಗುತ್ತದೆ. ಒಳಗೆ ಉಳಿದ ಗಾಳಿಯು ಮೊದಲಿಗಿಂತ ಸುಮಾರು ೨೪೦ ಕಿಲೋಗ್ರಾಂ ಹಗುರವಾಗುತ್ತದೆ.

ನೀರಿನಲ್ಲಿ ಮುಳುಗಿಸಿದ ವಸ್ತುವನ್ನು ಅದು ಹೊರದೂಡಿದ ನೀರಿನ ತೂಕದಷ್ಟೇ ಬಲವು ಮೇಲಕ್ಕೆತ್ತುತ್ತದೆಂದು ಆರ್ಕಿಮಿಡೀಸನು ಕಂಡುಹಿಡಿದ ನಿಯಮವನ್ನು ನೀವು ತರಗತಿಯಲ್ಲಿ ಕಲಿತಿರುವಿರಿ. ಆ ನಿಯಮವು ಗಾಳಿಗೂ ಸಲ್ಲುತ್ತದೆ. ಬೆಲೂನು ಹೊರದೂಡಿದ ತಣ್ಣನೆಯ ಗಾಳಿಯ ತೂಕವು, ಬೆಲೂನು, ಅದರೊಳಗಿನ ಬಿಸಿಗಾಳಿ, ಬುಟ್ಟಿ, ಜನರು ಇವೆಲ್ಲವುಗಳ ಒಟ್ಟು ತೂಕಕ್ಕಿಂತ ಹೆಚ್ಚಾದ ಕ್ಷಣವೇ ಬೆಲೂನು ನೆಲವನ್ನು ಬಿಡುತ್ತದೆ. ಇದರಲ್ಲಿ ಮಾಯೆಯೇನೂ ಇಲ್ಲ. ಕೂಡಿಸುವ ಕಳೆಯುವ ಲೆಕ್ಕವಷ್ಟೇ.

ನಮ್ಮ ಹಾಲಿನಷ್ಟು ದೊಡ್ಡ ಚೀಲವು ೨೪೦ ಕಿಲೋಗ್ರಾಂ ಮಾತ್ರ ಎತ್ತಬಲ್ಲುದೆಂದು ಮೇಲಿನ ಲೆಕ್ಕದಿಂದ ತಿಳಿಯುತ್ತದೆ. ಅಷ್ಟರಲ್ಲಿಯೇ ಚೀಲದ ತೂಕ, ಬುಟ್ಟಿಯ ತೂಕ, ಇಂಧನದ ತೂಕ ಎಲ್ಲವೂ ಸೇರಬೇಕು. ಆದುದರಿಂದಲೇ ಬೆಲೂನುಗಳು ಅಷ್ಟೊಂದು ದೊಡ್ಡವಾಗಿರುತ್ತವೆ. ಇಪ್ಪತ್ತು ಮಂದಿಯನ್ನು ಒಯ್ಯುವ ಬೆಲೂನಿನೊಳಗೆ ಇಂಥ ಎಂಟೊಂಬತ್ತು ಹಾಲುಗಳಷ್ಟು ಗಾಳಿ ಹಿಡಿಸಬೇಕು.

ಮೊದಲು ಏರಿದವರು

ಈ ವಿದ್ಯೆಯು ಹುಟ್ಟಿದುದು ಫ್ರಾನ್ಸ್ ದೇಶದಲ್ಲಿ. ಅಲ್ಲಿಯ ಅನೊನೇ ಎಂಬ ಊರಿನಲ್ಲಿ ಕಾಗದ ತಯಾರಿಸುವ ಮನೆತನಕ್ಕೆ ಸೇರಿದ ಜೋಸೆಫ್ ಮತ್ತು ಎಟಿಯೆನ್ ಮಾಂಟ್‌ಗಾಲ್ಫಿಯರ್ ಎಂಬ ಸಹೋದರರಿದ್ದರು. ಅವರು ಬಟ್ಟೆಯ ಒಳಮೈಗೆ ಕಾಗದವನ್ನು ಹಚ್ಚಿ, ತುಂಡುಗಳನ್ನು ಗುಂಡಿಗಳಿಂದ ಜೋಡಿಸಿ, ದೊಡ್ಡದೊಂದು ಚೀಲವನ್ನು ಮಾಡಿ, ೧೭೮೩ನೆಯ ಇಸವಿ ಜೂನ್ ೪ರಂದು ಊರಿನವರೆಲ್ಲರ ಮುಂದೆ ಅದನ್ನು ಹಾರಿಸಿದರು. ಅದು ಹತ್ತು ನಿಮಿಷಗಳವರೆಗೆ ಆಕಾಶದಲ್ಲಿದ್ದು ಇಳಿಯಿತು. ಹೊಗೆಯಲ್ಲಿಯೇ ಎತ್ತುವ ಶಕ್ತಿಯುಂಟೆಂದು ಆ ಸಹೋದರರು ನಂಬಿದ್ದುದರಿಂದ, ದಟ್ಟವಾದ ಹೊಗೆ ಬರಲೆಂದು ಹುಲ್ಲನ್ನೂ ಉಣ್ಣೆಯನ್ನೂ ಸುಡುತ್ತಿದ್ದರು. ಹೊಗೆಯಲ್ಲ, ಶಾಖವೇ ಕಾರಣವೆಂಬುದು ತರುವಾಯ ನಿರ್ಣಯವಾಯಿತು. ಕಾರ್ಯವು ಸರಿಯಾಗಿದ್ದರೂ ಅದಕ್ಕೆ ನಾವು ಹೇಳುವ ಕಾರಣವು ತಪ್ಪಾಗಿರಬಹುದೆಂಬುದಕ್ಕೆ ಇದೊಂದು ದೃಷ್ಟಾಂತ.

ಅದೇ ವರ್ಷದ ಸೆಪ್ಟೆಂಬರ್ ೧೯ರಂದು ವರ್ಸೇಲ್ಸ್ ಅರಮನೆಯ ಮುಂದೆ, ಹದಿನಾರನೆಯ ಲೂಯಿ ರಾಜನ ಸಮಕ್ಷಮದಲ್ಲಿ, ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಇವುಗಳನ್ನು ಬೆಲೂನಿನಲ್ಲಿ ಕಳುಹಿಸಿದರು. ಎಂಟು ನಿಮಿಷಗಳ ಮೇಲೆ ಅವು ಜೀವದಿಂದ ಇಳಿದುವು. ಮನುಷ್ಯರನ್ನು ಕಳುಹಿಸುವ ಮಾತು ಬಂದಾಗ ಮರಣದಂಡನೆಗೆ ಗುರಿಯಾದ ಸೆರೆಯಾಳುಗಳನ್ನು ಕಳುಹಿಸಬಹುದೆಂದು ರಾಜನು ಯೋಚಿಸಿದ್ದನು. ಆದರೆ ಪಿಲಾತ್ರ್ ದ ರೋಜಿಯೇ ಎಂಬ ವಿದ್ವಾಂಸನೂ ಮಾರ್ಕಿ ದಾರ್ಲಾಂದ್ ಎಂಬ ಸೇನಾಧಿಕಾರಿಯೂ ತಾವೇ ಹೋಗಲು ಮುಂದೆ ಬಂದರು. ನವೆಂಬರ್ ೨೧ರಂದು ಅವರಿಬ್ಬರೂ ಪ್ಯಾರಿಸಿನ ಅಂಚಿನಿಂದ ಏರಿ, ಪಟ್ಟಣವನ್ನು ದಾಟಿ, ಸುಮಾರು ೨೫ ನಿಮಿಷಗಳಲ್ಲಿ ಒಂಬತ್ತು ಕಿಲೋಮೀಟರ್ ದೂರ ಪ್ರಯಾಣಮಾಡಿದರು. ಬೆಲೂನಿನ ಎರಡು ಬದಿಗಳಲ್ಲಿ ಒಬ್ಬೊಬ್ಬರು ನಿಂತು ನಡುವಣ ಬೆಂಕಿಗೆ ಹುಲ್ಲನ್ನು ಹಾಕುತ್ತಿದ್ದರು. ದಾರ್ಲಾಂದನು ಕೆಳಗಿನ ಸೊಬಗನ್ನು ನೋಡುತ್ತ ಮೈಮರೆತಾಗ ಅವನ ಸಂಗಾತಿಯು ಎಚ್ಚರಿಸಿ ಕೆಲಸಕ್ಕೆ ಹಚ್ಚಬೇಕಾಯಿತು. ಬಟ್ಟೆಗೆ ಅಲ್ಲಲ್ಲಿ ಕಿಡಿ ತಾಗಿ ತೂತುಗಳು ಬಿದ್ದಾಗ ಒದ್ದೆಯಾದ ಸ್ಪಂಜಿನಿಂದ ಅವುಗಳನ್ನು ಆರಿಸಬೇಕಾಯಿತು. ಹೀಗೆ ಆಕಾಶದಲ್ಲಿ ಮನುಷ್ಯನ ಮೊದಲನೆಯ ಸ್ವತಂತ್ರ ಪ್ರಯಾಣವೇ ಇಬ್ಬರು ಸಂಗಾತಿಗಳ ಪ್ರಯಾಣವಾಗಿತ್ತು.

ಸ್ತ್ರೀಯರು ಹಿಂದೆ ಬೀಳಲಿಲ್ಲ. ಅನೊನೇಯ ಪ್ರದರ್ಶನವಾಗಿ ಸರಿಯಾಗಿ ಒಂದು ವರ್ಷಕ್ಕೆ, ೧೭೮೪ರ ಜೂನ್ ೪ರಂದು, ಎಲಿಜಬೆತ್ ತೀಬ್ಲ್ ಎಂಬ ಮಹಿಳೆಯು ಲಿಯಾನ್ ನಗರದಲ್ಲಿ ಫ್ಲೂರಾನ್ ಎಂಬ ಚಿತ್ರಕಾರನೊಡನೆ ಬೆಲೂನನ್ನು ಹತ್ತಿ ಮುಕ್ಕಾಲು ಗಂಟೆಯಷ್ಟು ಹೊತ್ತು ಆಕಾಶದಲ್ಲಿದ್ದಳು. ಹಗ್ಗದಿಂದ ಕಟ್ಟಿಹಾಕದ ಬೆಲೂನಿನಲ್ಲಿ ಏರಿದ ಸ್ತ್ರೀಯರಲ್ಲಿ ಅವಳೇ ಮೊದಲನೆಯವಳು. ಸೋಫಿ ಬ್ಲಾಂಶಾರ್ ಎಂಬವಳು ತನ್ನ ಗಂಡನು ೧೮೦೯ರಲ್ಲಿ ತೀರಿಹೋದ ಮೇಲೆ ಅವನ ವೃತ್ತಿಯಾದ ಬೆಲೂನು ಹಾರಿಸುವುದನ್ನು ತಾನೊಬ್ಬಳೇ ಮುಂದುವರಿಸಿ, ಅರುವತ್ತಕ್ಕಿಂತ ಹೆಚ್ಚು ಸಲ ಆಕಾಶಕ್ಕೇರಿದಳು. ಅವಳದು ಬಿಸಿಗಾಳಿಯ ಬೆಲೂನಲ್ಲ, ಜಲಜನಕವೆಂಬ ಹಗುರವಾದ ಅನಿಲವನ್ನು ತುಂಬಿದ ಬೆಲೂನು. ಜಲಜನಕವು ಬೇಗನೆ ಹೊತ್ತಿಕೊಳ್ಳುವ ವಸ್ತು. ೧೮೧೯ರ ಜುಲೈ ೬ರಂದು ಪ್ಯಾರಿಸಿನಲ್ಲಿ ಜನರ ವಿನೋದಕ್ಕಾಗಿ ಅವಳು ಆಕಾಶದಿಂದ ಬಾಣಬಿರುಸುಗಳನ್ನು ಹಾರಿಸುತ್ತಿದ್ದಾಗ ಬೆಲೂನಿಗೆ ಬೆಂಕಿ ತಗಲಿ, ಅವಳು ಬಿದ್ದು ಪ್ರಾಣಬಿಟ್ಟಳು. ಧೈರ್ಯವಿದ್ದರೆ ಸಾಲದು, ಯಾವ ವಸ್ತುವಿನ ಬಳಿ ಯಾವ ವಸ್ತುವನ್ನು ತರಬಾರದೆಂಬ ಜ್ಞಾನವೂ ಬೇಕೆಂಬುದಕ್ಕೆ ಅವಳ ಚರಿತ್ರೆಯು ಸಾಕ್ಷಿಯಾಗಿದೆ.

ಈ ಕಾಲದ ಬೆಲೂನು

ಹುಲ್ಲಿನ ಬೆಂಕಿಯನ್ನು ಹೊತ್ತು ಹಾರುವುದು ಅಪಾಯಕರವಾದುದರಿಂದ ಬಿಸಿಗಾಳಿಯ ಬೆಲೂನು ಬಹುಕಾಲ ಮೂಲೆಗೆ ಬಿದ್ದಿತ್ತು. ಅಮೇರಿಕದ ಎಡ್ ಯೋಸ್ಟ್ ಎಂಬವರು ನೈಲಾನ್ ಬಟ್ಟೆಯ ಚೀಲಕ್ಕೆ ಪ್ರೋಪೇನ್ ಅನಿಲದ ಉರಿಯನ್ನು ಜೋಡಿಸಿ, ೧೯೬೦ನೆಯ ಇಸವಿ ಅಕ್ಟೋಬರ್ ೨೨ರಂದು ನೆಬ್ರಾಸ್ಕ ಸಂಸ್ಥಾನದಲ್ಲಿ ಅದನ್ನು ಹಾರಿಸಿ ತೋರಿಸಿದಂದಿನಿಂದ ಈ ವಿದ್ಯೆಗೆ ಮರುಜನ್ಮವಾಯಿತು. ಈಗ ಲೋಕದಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಬೆಲೂನುಗಳೆಲ್ಲವೂ ಆ ಮಾದರಿಯ ಸಂತತಿಯೇ.

ಇದಕ್ಕೆ ಮೂರು ಮುಖ್ಯ ಭಾಗಗಳುಂಟು. ಮೊದಲನೆಯದು ಚೀಲ. ಇದನ್ನು ಹಗುರವಾದರೂ ಗಟ್ಟಿಯಾದ, ಗಾಳಿ ಸೋರದಂತೆ ಲೇಪಕೊಟ್ಟ ಬಟ್ಟೆಯಿಂದ ಹೊಲಿದಿರುತ್ತಾರೆ. ಒಳಗಿನ ಗಾಳಿಯು ಸುಮಾರು ನೂರು ಡಿಗ್ರಿಯವರೆಗೆ ಕಾಯುತ್ತದೆ; ನೈಲಾನ್ ಕರಗುವುದಕ್ಕೆ ೨೦೦ ಡಿಗ್ರಿಗಿಂತಲೂ ಹೆಚ್ಚಿನ ಶಾಖ ಬೇಕು. ಉರಿಗೆ ಹತ್ತಿರವಾದ ಬಾಯಿಯ ಸುತ್ತಲಿನ ಪಟ್ಟಿಯನ್ನು ಮಾತ್ರ ಬೆಂಕಿಗೆ ಅಂಜದ ಬೇರೊಂದು ಬಟ್ಟೆಯಿಂದ ಮಾಡುತ್ತಾರೆ. ಚೀಲದ ನೆತ್ತಿಯಲ್ಲಿ ಒಂದು ದೊಡ್ಡ ಕಂಡಿಯಿರುತ್ತದೆ. ಅದನ್ನು ಒಳಗಡೆಯಿಂದ ಒಂದು ದುಂಡನೆಯ ಬಟ್ಟೆಯು ಮುಚ್ಚಿಕೊಂಡಿರುತ್ತದೆ. ಬುಟ್ಟಿಯಲ್ಲಿ ನಿಂತು ಹಗ್ಗವನ್ನೆಳೆದರೆ ಕಂಡಿ ತೆರೆದು ಬಿಸಿಗಾಳಿ ಹೊರಟುಹೋಗುತ್ತದೆ. ಬಿಟ್ಟರೆ ಒಳಗಿನ ಗಾಳಿಯೇ ಒತ್ತಿ ಅದನ್ನು ಮುಚ್ಚುತ್ತದೆ. ಎರಡನೆಯದು ಉರಿಯ ಯಂತ್ರ. ಪ್ರೋಪೇನ್ ದ್ರವವು ಸುರುಳಿಯಾದ ಕೊಳವೆಯೊಳಗೆ ಹರಿದು, ಉರಿಯ ಶಾಖದಿಂದಲೇ ಅನಿಲವಾಗಿ, ಹತ್ತಾರು ಅಡಿ ಎತ್ತರದ ಜ್ವಾಲೆಯಾಗಿ ಹೊರಬರುತ್ತದೆ. ಮೂರನೆಯದು ಬುಟ್ಟಿ. ಇಷ್ಟು ಹೊಸ ಸಾಧನಗಳ ನಡುವೆ ಬುಟ್ಟಿಯು ಮಾತ್ರ ಹಳೆಯ ಕಾಲದಂತೆ ಬೆತ್ತದಿಂದ ಹೆಣೆದುದೇ ಆಗಿದೆ. ಬೆತ್ತವು ಹಗುರ, ನೆಲಕ್ಕೆ ತಾಗಿದಾಗ ಅದು ಮುರಿಯದೆ ಬಾಗಿ ಪೆಟ್ಟನ್ನು ತಾನು ತಿನ್ನುತ್ತದೆ. ಬುಟ್ಟಿ ಹೆಣೆಯುವವರ ಕಸಬನ್ನು ಹಗುರವಾಗಿ ಕಾಣುವವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಕಪ್ಪದೋಕ್ಯ ಸೀಮೆ

ನಾವು ಬೆಲೂನನ್ನು ಹತ್ತಿದ ಸ್ಥಳವು ತುರ್ಕಿಯ ನಡುನಾಡಾದ ಕಪ್ಪದೋಕ್ಯ. ಪಂಚಾಶತ್ತಮ ದಿನದಲ್ಲಿ ಯೆರೂಸಲೇಮಿಗೆ ಬಂದಿದ್ದ ಜನರ ಪಟ್ಟಿಯಲ್ಲಿ ಈ ಹೆಸರನ್ನು ನಮ್ಮ ಹುಡುಗಿಯರು ಓದಿದ್ದಾರೆ. ನಾಲ್ಕನೆಯ ಶತಮಾನದಲ್ಲಿ ಸಭೆಯ ದೊಡ್ಡ ಗುರುಗಳಾಗಿದ್ದ ಬಸೀಲನೂ ನಿಸ್ಸದ ಗ್ರೆಗೋರಿಯನೂ ಈ ಸೀಮೆಯವರು. ಅವರ ಅಕ್ಕನಾದ ಮಕ್ರೀನಳನ್ನು ಗ್ರೆಗೋರಿಯನು ತನ್ನ ಉಪಾಧ್ಯಾಯಿನಿಯೆಂದೇ ಕರೆದಿದ್ದಾನೆಂಬುದು ನಮ್ಮಂಥವರಿಗೆ ಸಂತೋಷದ ವಿಷಯ.

ಲಕ್ಷಾಂತರ ವರ್ಷಗಳ ಹಿಂದೆ ಇಲ್ಲಿಯ ಅಗ್ನಿಪರ್ವತಗಳು ಕಾರಿದ ಬೂದಿಯು ಪದರಪದರವಾಗಿ ಬಿದ್ದು, ಮೆದುವಾದ ಕಲ್ಲಾಗಿ ಗಟ್ಟಿಯಾಯಿತು. ಅದರ ಮೇಲೆ ಕೆಲವೆಡೆ ಗಡುಸಾದ ಕಲ್ಲಿನ ಹೊದಿಕೆಯುಂಟು. ಮಳೆಯೂ ಗಾಳಿಯೂ ಮೆದುವಾದುದನ್ನು ಸವೆಯಿಸಿದಾಗ, ಗಡುಸು ಕಲ್ಲಿನ ಟೋಪಿಯಿಟ್ಟುಕೊಂಡ ಭಾಗಗಳು ಮಾತ್ರ ಕಂಬಗಳಂತೆ ನಿಂತುವು. ದೂರದಿಂದ ನೋಡುವವರಿಗೆ ಅವು ಕೊಡೆ ಹಿಡಿದು ನಿಂತ ಜನರ ಗುಂಪಿನಂತೆ ತೋರುತ್ತವೆ. ಈ ಕಲ್ಲನ್ನು ಸಾಮಾನ್ಯವಾದ ಉಳಿಯಿಂದ ಕೊರೆಯಬಹುದಾದುದರಿಂದ ಜನರು ಮನೆಗಳನ್ನೂ, ಮಠಗಳನ್ನೂ, ದೇವಾಲಯಗಳನ್ನೂ, ಪಾರಿವಾಳದ ಗೂಡುಗಳನ್ನೂ ಕೊರೆದರು. ಪಾರಿವಾಳದ ಹಿಕ್ಕೆಯು ಅವರ ದ್ರಾಕ್ಷಿತೋಟಗಳಿಗೆ ಗೊಬ್ಬರವಾಗುತ್ತಿತ್ತು. ಶತ್ರುಗಳ ಭಯದ ದಿನಗಳಿಗಾಗಿ ನೆಲದಡಿಯಲ್ಲಿಯೂ ಊರುಗಳನ್ನು ತೋಡಿದ್ದಾರೆ. ಗೊರೆಮೆ ಎಂಬಲ್ಲಿಯ ಬಂಡೆಯ ದೇವಾಲಯಗಳ ಗೋಡೆಗಳಲ್ಲಿ ಸಾವಿರ ವರ್ಷ ಹಳೆಯ ವರ್ಣಚಿತ್ರಗಳು ಇಂದಿಗೂ ಇವೆ. ಈ ಪ್ರದೇಶವನ್ನು ೧೯೮೫ರಲ್ಲಿ ಲೋಕದ ಪಾರಂಪರ್ಯ ಸ್ಥಳಗಳ ಪಟ್ಟಿಗೆ ಸೇರಿಸಿದ್ದಾರೆ. ಹವೆಯು ಅನುಕೂಲವಾಗಿರುವ ಮುಂಜಾನೆಗಳಲ್ಲಿ ನೂರಕ್ಕೂ ಹೆಚ್ಚು ಬೆಲೂನುಗಳು ಇಲ್ಲಿ ಏಕಕಾಲದಲ್ಲಿ ಏರುತ್ತವೆ.

ನನ್ನ ಸ್ನೇಹಿತೆಯ ಪ್ರಶ್ನೆ

ನನ್ನ ಸ್ನೇಹಿತೆಯು ಒಂದು ಆಸ್ಪತ್ರೆಯಲ್ಲಿ ದಾದಿಯರ ಮೇಲ್ವಿಚಾರಕಿ. ನಾವಿಬ್ಬರೂ ಒಂದೇ ಬೋರ್ಡಿಂಗಿನಲ್ಲಿ ಬೆಳೆದವರು. ಅವರ ಯಜಮಾನರು ತೀರಿಹೋಗಿ ಮೂರು ವರ್ಷಗಳಾದುವು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಬೆಲೂನಿನ ಮಾತು ಬಂದಾಗ ಅವರು, “ನೀನು ಹೋಗಿ ಬಾ. ನಾನು ಕೆಳಗೆ ನಿಂತು ನೋಡುತ್ತೇನೆ. ನನಗೇನಾದರೂ ಆದರೆ ನನ್ನ ಮಕ್ಕಳಿಗೆ ಯಾರಿದ್ದಾರೆ?” ಎಂದರು.

ಇದು ಹೇಡಿಯ ಮಾತಲ್ಲ. ಬೆಲೂನಿನ ಅಪಘಾತಗಳು ನಡೆದಿವೆ. ೨೦೧೩ರ ಫೆಬ್ರವರಿ ೨೬ರಂದು ಐಗುಪ್ತ ದೇಶದ ಲಕ್ಸರಿನಲ್ಲಿ ಬೆಲೂನೊಂದು ಇಳಿಯುತ್ತಿದ್ದಾಗ ಬೆಂಕಿ ಹತ್ತಿ, ಅದರಲ್ಲಿದ್ದ ೨೧ ಮಂದಿಯಲ್ಲಿ ೧೯ ಮಂದಿ ಸತ್ತರು. ಅದೇ ವರ್ಷದ ಮೇ ತಿಂಗಳಲ್ಲಿ ಕಪ್ಪದೋಕ್ಯದಲ್ಲಿಯೇ ಎರಡು ಬೆಲೂನುಗಳು ಒಂದಕ್ಕೊಂದು ತಾಗಿ ಪ್ರಯಾಣಿಕರು ಮೃತರಾದರು. ಇವೆಲ್ಲವನ್ನೂ ನನ್ನ ಸ್ನೇಹಿತೆಯು ಬಲ್ಲರು. ತನ್ನ ಜೀವವನ್ನು ನಂಬಿಕೊಂಡು ಬೇರೆ ಜೀವಗಳಿರುವಾಗ, ಕೇವಲ ನೋಟದ ಸುಖಕ್ಕಾಗಿ ಅದನ್ನು ಅಪಾಯಕ್ಕೆ ಒಡ್ಡುವುದು ನ್ಯಾಯವೇ ಎಂಬುದು ಅವರ ಪ್ರಶ್ನೆ. ಅದಕ್ಕೆ ನಾನು ಉತ್ತರಹೇಳಲಿಲ್ಲ, ಬಲವಂತವನ್ನೂ ಮಾಡಲಿಲ್ಲ. ಇಬ್ಬರ ಹೆಸರನ್ನೂ ಬರೆಯಿಸಿ, ನಿರ್ಣಯವನ್ನು ಅವರಿಗೇ ಬಿಟ್ಟೆನು.

ಮೊದಲನೆಯ ದಿನ ನಸುಕಿಗೆ ಮುಂಚೆ ನಮ್ಮನ್ನು ಬಯಲಿಗೆ ಕರೆದುಕೊಂಡು ಹೋದರು. ನಮ್ಮ ಕಣ್ಣಿಗೆ ಆಕಾಶವು ನಿರ್ಮಲವಾಗಿತ್ತು. ನೆಲದ ಮೇಲೆ ಗಾಳಿಯೂ ಇರಲಿಲ್ಲ. ಆದರೆ ಮೇಲೆ ಗಾಳಿಯು ಬಿರುಸಾಗಿರುವುದರಿಂದ ವಿಮಾನಶಾಖೆಯ ಅಧಿಕಾರಿಗಳು ಅಪ್ಪಣೆ ಕೊಡಲಿಲ್ಲವೆಂದು ತಿಳಿದುಬಂತು. ದೂರದಿಂದ ಬಂದಿದ್ದ ಕೆಲವರು ಸಿಟ್ಟಾದರು. ಒಬ್ಬರು ಹೆಚ್ಚು ಹಣವನ್ನು ಕೊಡುವೆನೆಂದೂ ಹೇಳಿದರು. ಬೆಲೂನಿನವರು ಸಮಾಧಾನದಿಂದ ಎಲ್ಲರನ್ನೂ ವಸತಿಗೆ ಹಿಂದಿರುಗಿಸಿದರು. ಆ ಕಣಿವೆಯಲ್ಲಿ ಅಂದು ಒಂದು ಬೆಲೂನಾದರೂ ಏರಲಿಲ್ಲ.

ಮರುದಿನ ಅಪ್ಪಣೆ ದೊರೆಯಿತು. ಕತ್ತಲಲ್ಲಿ ಎದ್ದು ಉಡುಪು ಹಾಕಿಕೊಳ್ಳುತ್ತಿದ್ದ ನನ್ನ ಪಕ್ಕದಲ್ಲಿ ಸ್ನೇಹಿತೆಯೂ ಸಿದ್ಧರಾಗಿ ನಿಂತಿದ್ದುದನ್ನು ಕಂಡು ಕಾರಣವನ್ನು ಕೇಳಿದೆನು. “ನಿನ್ನೆ ಬೇಡವೆಂದವರು ಇಂದು ಬರಬಹುದೆಂದರೆ ನಂಬಬಹುದು. ರೋಗಿಗೆ ಶಸ್ತ್ರಚಿಕಿತ್ಸೆಯೇ ಬೇಡವೆಂದು ಹೇಳಬಲ್ಲ ಡಾಕ್ಟರರ ಕೈಗೇ ಅಲ್ಲವೇ ನಾನು ನನ್ನವರನ್ನು ಒಪ್ಪಿಸುವುದು?” ಎಂದರು. ವಿಶ್ವಾಸವೆಂದರೆ ಕಣ್ಣುಮುಚ್ಚಿ ಹಾರುವುದಲ್ಲ, ಲಾಭವನ್ನು ಬಿಟ್ಟು ಇಲ್ಲವೆನ್ನಬಲ್ಲವರು ಯಾರೆಂದು ನೋಡಿ ಅವರ ಕೈಹಿಡಿಯುವುದು ಎಂಬುದನ್ನು ಅವರ ಈ ಮಾತಿನಿಂದ ಕಲಿತೆನು.

ಆಕಾಶದಲ್ಲಿ ಒಂದು ಗಂಟೆ

ಬೆಲೂನನ್ನು ಸಿದ್ಧಪಡಿಸುವ ಕ್ರಮವೇ ನೋಡತಕ್ಕದ್ದು. ಚೀಲವನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, ಬುಟ್ಟಿಯನ್ನು ಮಗ್ಗುಲಾಗಿ ಮಲಗಿಸಿ, ದೊಡ್ಡ ಬೀಸಣಿಗೆಯ ಯಂತ್ರದಿಂದ ಮೊದಲು ತಣ್ಣನೆಯ ಗಾಳಿಯನ್ನು ತುಂಬುತ್ತಾರೆ. ಚೀಲವು ಉಬ್ಬಿ ಬಟ್ಟೆಯು ಉರಿಯಿಂದ ದೂರವಾದ ಮೇಲೆಯೇ ಜ್ವಾಲೆಯನ್ನು ಒಳಕ್ಕೆ ಬಿಡುತ್ತಾರೆ. ಆಗ ಚೀಲವು ಮೆಲ್ಲಮೆಲ್ಲನೆ ಎದ್ದು ನಿಂತು ಬುಟ್ಟಿಯನ್ನೂ ನೆಟ್ಟಗೆ ನಿಲ್ಲಿಸುತ್ತದೆ. ಬುಟ್ಟಿಗೆ ಬಾಗಿಲಿಲ್ಲ, ಹೊರಮೈಯಲ್ಲಿರುವ ಕಂಡಿಗಳಲ್ಲಿ ಕಾಲಿಟ್ಟು ಹತ್ತಿ ಒಳಕ್ಕೆ ಇಳಿಯಬೇಕು. ಸೀರೆಯುಟ್ಟು ಇದನ್ನು ಮಾಡುವುದು ಕಷ್ಟವೆಂದು ಮೊದಲೇ ಕೇಳಿದ್ದುದರಿಂದ ನಾವಿಬ್ಬರೂ ಸಲ್ವಾರ್ ಧರಿಸಿದ್ದೆವು. ಒಳಗೆ ಅಡ್ಡಗೋಡೆಗಳಿಂದ ಅಂಕಣಗಳನ್ನು ಮಾಡಿರುತ್ತಾರೆ. ನಡುವಣ ಅಂಕಣದಲ್ಲಿ ಚಾಲಕನೂ ಇಂಧನದ ಸಿಲಿಂಡರುಗಳೂ, ಉಳಿದವುಗಳಲ್ಲಿ ಪ್ರಯಾಣಿಕರೂ ಇರುತ್ತಾರೆ. ಏರುವ ಮೊದಲೇ ಚಾಲಕನು ಇಳಿಯುವ ಪಾಠವನ್ನು ಹೇಳಿಕೊಟ್ಟನು: ಚಲಿಸುವ ದಿಕ್ಕಿಗೆ ಬೆನ್ನುಮಾಡಿ, ಮೊಣಕಾಲು ಬಗ್ಗಿಸಿ, ಒಳಗಿನ ಹಗ್ಗದ ಹಿಡಿಕೆಗಳನ್ನು ಬಿಗಿಯಾಗಿ ಹಿಡಿಯಬೇಕು, ಹೇಳುವ ತನಕ ಯಾರೂ ಬುಟ್ಟಿಯಿಂದ ಇಳಿಯಬಾರದು. ಈ ಕಡೆಯ ನಿಯಮದ ಕಾರಣವನ್ನು ನಮ್ಮ ಲೆಕ್ಕವೇ ಹೇಳುತ್ತದೆ. ಒಬ್ಬರು ಹಾರಿಕೊಂಡರೆ ಅಷ್ಟು ತೂಕ ಕಡಿಮೆಯಾಗಿ, ಉಳಿದವರನ್ನು ಹೊತ್ತ ಬೆಲೂನು ತಟ್ಟನೆ ಮತ್ತೆ ಏರಿಬಿಡಬಹುದು.

ನಾವು ನೆಲವನ್ನು ಬಿಟ್ಟುದು ನಮಗೆ ತಿಳಿಯಲೇ ಇಲ್ಲ. ಬದಿಯಲ್ಲಿ ನಿಂತಿದ್ದ ಕೆಲಸಗಾರರ ತಲೆಗಳು ಚಿಕ್ಕವಾಗುತ್ತಿರುವುದನ್ನು ಕಂಡ ಮೇಲೆಯೇ ಏರುತ್ತಿದ್ದೇವೆಂದು ಅರಿತೆವು. ಮೇಲೆ ಚಳಿಗಾಳಿ ಬೀಸುವುದೆಂದು ನನ್ನ ಸ್ನೇಹಿತೆಯು ಕಿವಿಗೆ ಬಟ್ಟೆ ಸುತ್ತಿಕೊಂಡಿದ್ದರು. ಆದರೆ ದುಪಟ್ಟಿಯ ಅಂಚು ಸಹ ಅಲುಗಲಿಲ್ಲ. ಇದಕ್ಕೆ ಕಾರಣವೇನೆಂದರೆ, ಬೆಲೂನು ಗಾಳಿಯನ್ನು ಸೀಳಿಕೊಂಡು ಹೋಗುವುದಿಲ್ಲ. ಗಾಳಿಯೊಡನೆಯೇ ಅದೇ ವೇಗದಲ್ಲಿ ಹೋಗುತ್ತದೆ. ನದಿಯಲ್ಲಿ ತೇಲುವ ಎಲೆಗೆ ಹೊಳೆಯ ಸೆಳೆತವು ಹೇಗೆ ತಿಳಿಯದೋ ಹಾಗೆಯೇ ಬುಟ್ಟಿಯಲ್ಲಿ ನಿಂತವರಿಗೆ ಗಾಳಿಯು ತಿಳಿಯದು.

ಉರಿಯನ್ನು ಬಿಟ್ಟಾಗ ತಲೆಯ ಮೇಲೆ ದೊಡ್ಡ ಗರ್ಜನೆಯೂ ಬೆನ್ನಿಗೆ ಕಾವೂ ಬರುತ್ತಿದ್ದುವು. ಅದನ್ನು ನಿಲ್ಲಿಸಿದೊಡನೆ ಎಂಥ ನಿಶ್ಶಬ್ದವೆಂದರೆ, ಕೆಳಗಿನ ಊರಿನಲ್ಲಿ ನಾಯಿ ಬೊಗಳುವುದೂ ಕೋಳಿ ಕೂಗುವುದೂ ಸ್ಪಷ್ಟವಾಗಿ ಕೇಳುತ್ತಿತ್ತು. ಸೂರ್ಯನು ಮೂಡಿದಾಗ ಕಲ್ಲಿನ ಕಂಬಗಳ ಒಂದು ಮಗ್ಗುಲು ಜೇನಿನ ಬಣ್ಣವಾಯಿತು. ಅವುಗಳ ನೆರಳುಗಳು ಕಣಿವೆಯುದ್ದಕ್ಕೂ ಹಾಸಿಕೊಂಡುವು. ಬಂಡೆಯಲ್ಲಿ ಕೊರೆದ ಕಿಟಕಿಗಳನ್ನು ನೋಡುತ್ತ ನನ್ನ ಸ್ನೇಹಿತೆಯು, ಅಲ್ಲಿ ದೀಪ ಹಚ್ಚಿ ಮಕ್ಕಳನ್ನು ಸಾಕಿದ ತಾಯಂದಿರು ಎಷ್ಟು ಮಂದಿಯೋ ಎಂದು ಮೆಲ್ಲಗೆ ಹೇಳಿದರು. ಎತ್ತರದಿಂದ ತಲೆ ತಿರುಗುವುದೆಂಬ ಅಂಜಿಕೆಯು ನಮ್ಮಿಬ್ಬರಲ್ಲಿ ಯಾರಿಗೂ ನಿಜವಾಗಲಿಲ್ಲ.

ಚುಕ್ಕಾಣಿಯಿಲ್ಲದೆ ನಡೆಸುವ ಬಗೆ

ಚಾಲಕನ ಕೈಯಲ್ಲಿರುವುದು ಎರಡೇ: ಉರಿಯನ್ನು ಬಿಟ್ಟು ಏರುವುದು, ಉರಿಯನ್ನು ತಡೆದು ಇಲ್ಲವೆ ನೆತ್ತಿಯ ಕಂಡಿಯನ್ನು ತೆರೆದು ಇಳಿಯುವುದು. ಎಡಕ್ಕೆ ಬಲಕ್ಕೆ ತಿರುಗಿಸುವ ಸಾಧನವಿಲ್ಲ. ಆದರೂ ಅವನು ನಿರುಪಾಯನಲ್ಲ. ಗಾಳಿಯು ಎಲ್ಲ ಎತ್ತರಗಳಲ್ಲಿಯೂ ಒಂದೇ ದಿಕ್ಕಿಗೆ ಬೀಸುವುದಿಲ್ಲ. ರಾತ್ರಿ ತಂಪಾದ ಗಾಳಿಯು ಭಾರವಾಗಿ ನೀರಿನಂತೆ ಕಣಿವೆಯ ಇಳಿಜಾರಿನಲ್ಲಿ ಹರಿಯುತ್ತಿರುತ್ತದೆ. ಅದರ ಮೇಲಿನ ಪದರವು ಬೇರೊಂದು ಕಡೆಗೆ ಹೋಗುತ್ತಿರುತ್ತದೆ. ತನಗೆ ಬೇಕಾದ ದಿಕ್ಕಿನ ಗಾಳಿಯಿರುವ ಎತ್ತರವನ್ನು ಹುಡುಕಿ ಅಲ್ಲಿ ನಿಲ್ಲುವುದೇ ಚಾಲಕನ ವಿದ್ಯೆ. ಉರಿ ಬಿಟ್ಟೊಡನೆ ಬೆಲೂನು ಏರುವುದಿಲ್ಲ; ಅಷ್ಟೊಂದು ಗಾಳಿಯು ಕಾಯಲು ಕೆಲವು ಕ್ಷಣಗಳು ಬೇಕು. ಆದುದರಿಂದ ಬಂಡೆಯು ಎದುರಿಗೆ ಬಂದ ಮೇಲೆ ಯೋಚಿಸಿದರೆ ತಡವಾಯಿತು. ಬರುವ ಮೊದಲೇ ಯೋಚಿಸಬೇಕು.

ಮುಂಜಾನೆಯಲ್ಲಿಯೇ ಹಾರುವುದಕ್ಕೆ ಎರಡು ಕಾರಣಗಳುಂಟು. ಹೊರಗಿನ ಗಾಳಿಯು ತಣ್ಣಗಿದ್ದಷ್ಟೂ ಒಳಗಿನ ಬಿಸಿಗಾಳಿಗೂ ಅದಕ್ಕೂ ತೂಕದ ವ್ಯತ್ಯಾಸ ಹೆಚ್ಚಿ, ಕಡಿಮೆ ಇಂಧನದಿಂದ ಹೆಚ್ಚು ಭಾರವನ್ನು ಎತ್ತಬಹುದು. ಇದಕ್ಕಿಂತ ಮುಖ್ಯವಾದುದು, ಬಿಸಿಲೇರಿದ ಮೇಲೆ ನೆಲವು ಕಾದು ಅಲ್ಲಲ್ಲಿ ಬಿಸಿಗಾಳಿಯ ಬುಗ್ಗೆಗಳು ಎದ್ದು ಬೆಲೂನನ್ನು ಚಾಲಕನ ಅಂಕೆ ಮೀರಿ ಎತ್ತಿ ಇಳಿಸಬಲ್ಲುವು. ಯಾವ ನಿಯಮದಿಂದ ಬೆಲೂನು ಏರುವುದೋ ಅದೇ ನಿಯಮವು ಹೊತ್ತೇರಿದ ಮೇಲೆ ಅದಕ್ಕೆ ಶತ್ರುವಾಗುತ್ತದೆ.

ನಮ್ಮ ಬೆಲೂನು ಒಂದು ಹೊಲದ ಅಂಚಿನಲ್ಲಿ ಇಳಿಯಿತು. ತಂತಿಯಿಲ್ಲದ ಟೆಲಿಫೋನಿನಲ್ಲಿ ಚಾಲಕನು ದಾರಿ ತಿಳಿಸುತ್ತ ಬಂದಿದ್ದುದರಿಂದ ಕೆಲಸಗಾರರು ಲಾರಿಯೊಡನೆ ಅಲ್ಲಿ ಕಾದಿದ್ದರು. ಎರಡು ಸಲ ಮೆಲ್ಲಗೆ ಕುಪ್ಪಳಿಸಿ ಬುಟ್ಟಿಯು ನಿಂತಿತು. ಅಪ್ಪಣೆಯಾದ ಮೇಲೆ ಇಳಿದ ಸ್ನೇಹಿತೆಯು ಮಾಡಿದ ಮೊದಲ ಕೆಲಸವು ತಮ್ಮ ಮಕ್ಕಳಿಗೆ ಫೋನುಮಾಡಿದುದು. ಏರುವ ಸಂಗತಿಯನ್ನು ಹಿಂದಿನ ರಾತ್ರಿಯೇ ಅವರಿಗೆ ತಿಳಿಸಿ, ಅವರ ಒಪ್ಪಿಗೆಯನ್ನು ಪಡೆದಿದ್ದರೆಂಬುದು ನನಗೆ ಆಗ ಗೊತ್ತಾಯಿತು.

ಬೆಲೂನು ಎಷ್ಟೆತ್ತರ, ಎಷ್ಟು ದೂರ ಹೋಗಬಲ್ಲುದು?

೧೮೮೯ರಲ್ಲಿ ಕಲ್ಕತ್ತೆಯಲ್ಲಿ ರಾಮಚಂದ್ರ ಚಟರ್ಜಿಯವರು ಅನಿಲದ ಬೆಲೂನಿನಲ್ಲಿ ಏರಿ, ಭಾರತೀಯರಲ್ಲಿ ಈ ವಿದ್ಯೆಗೆ ಮೊದಲಿಗರೆನಿಸಿದರು. ೨೦೦೫ನೆಯ ಇಸವಿ ನವೆಂಬರ್ ೨೬ರಂದು ವಿಜಯಪತ್ ಸಿಂಘಾನಿಯರವರು ಮುಂಬಯಿಯಿಂದ ಬಿಸಿಗಾಳಿಯ ಬೆಲೂನಿನಲ್ಲಿ ಏರಿ ೨೧,೦೨೭ ಮೀಟರ್ ಎತ್ತರವನ್ನು ಮುಟ್ಟಿದರು. ಇದು ಎವರೆಸ್ಟ್ ಶಿಖರದ ಎತ್ತರಕ್ಕೆ ಎರಡರಷ್ಟಕ್ಕಿಂತಲೂ ಹೆಚ್ಚು. ಅಷ್ಟೆತ್ತರದಲ್ಲಿ ಉಸಿರಾಡಲು ಗಾಳಿ ಸಾಲದಾದುದರಿಂದ ಅವರು ಸುತ್ತಲೂ ಮುಚ್ಚಿದ ಕೋಣೆಯಲ್ಲಿ ಕುಳಿತಿದ್ದರು. ಬರ್ಟ್ರಾಂಡ್ ಪಿಕಾರ್ಡ್ ಮತ್ತು ಬ್ರಯನ್ ಜೋನ್ಸ್ ಎಂಬ ಇಬ್ಬರು ೧೯೯೯ರ ಮಾರ್ಚ್ ೧ರಂದು ಸ್ವಿಟ್ಜರ್ಲೆಂಡಿನಿಂದ ಹೊರಟು, ಎಲ್ಲಿಯೂ ಇಳಿಯದೆ ಭೂಮಂಡಲವನ್ನು ಸುತ್ತಿ, ಮಾರ್ಚ್ ೨೧ರಂದು ಐಗುಪ್ತದಲ್ಲಿ ಇಳಿದರು. ಅವರ ಬೆಲೂನು ಹೀಲಿಯಮ್ ಅನಿಲವನ್ನೂ ಬಿಸಿಗಾಳಿಯನ್ನೂ ಕೂಡಿಸಿದ ಜಾತಿಯದು.

ಶಾಲೆಯಲ್ಲಿ ಮಾಡಬಹುದಾದ ಪ್ರಯೋಗ

ಇದೆಲ್ಲವನ್ನೂ ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ಒಂದು ಉದ್ದನೆಯ ತೆಳುವಾದ ಕೋಲನ್ನು ತೆಗೆದುಕೊಂಡು, ಅದರ ನಡುವಿಗೆ ದಾರ ಕಟ್ಟಿ ತಕ್ಕಡಿಯಂತೆ ತೂಗುಹಾಕಿರಿ. ಒಂದೇ ಅಳತೆಯ ಎರಡು ದೊಡ್ಡ ಕಾಗದದ ಚೀಲಗಳನ್ನು ಬಾಯಿ ಕೆಳಗಾಗುವಂತೆ ಎರಡು ತುದಿಗಳಿಗೂ ಕಟ್ಟಿ, ಕೋಲು ಸಮನಾಗಿ ನಿಲ್ಲುವಂತೆ ಸರಿಪಡಿಸಿರಿ. ಬಳಿಕ ಒಂದು ಚೀಲದ ಬಾಯಿಯ ಕೆಳಗೆ, ಕಾಗದಕ್ಕೆ ತಾಗದಷ್ಟು ದೂರದಲ್ಲಿ, ಮೇಣದ ಬತ್ತಿಯನ್ನು ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿಯೇ ಆ ಕಡೆಯ ತುದಿಯು ಮೇಲಕ್ಕೇಳುವುದು. ಬತ್ತಿಯನ್ನು ತೆಗೆದರೆ ಗಾಳಿ ತಣಿದು ಕೋಲು ಮತ್ತೆ ಸಮನಾಗುವುದು. ಇದನ್ನು ಉಪಾಧ್ಯಾಯಿನಿಯು ಬಳಿಯಲ್ಲಿರುವಾಗ, ನೀರಿನ ಬಕೀಟನ್ನು ಪಕ್ಕದಲ್ಲಿಟ್ಟುಕೊಂಡೇ ಮಾಡತಕ್ಕದ್ದು. ದೀಪವಿಟ್ಟ ಕಾಗದದ ಬುಟ್ಟಿಗಳನ್ನು ಆಕಾಶಕ್ಕೆ ಹಾರಿಬಿಡುವುದನ್ನು ಮಾತ್ರ ಯಾರೂ ಮಾಡಬಾರದು. ಅವು ಯಾರ ಹುಲ್ಲಿನ ಬಣವೆಯ ಮೇಲೆ, ಯಾರ ಗುಡಿಸಲಿನ ಮೇಲೆ ಬೀಳುವುವೋ ಹಾರಿಬಿಟ್ಟವರಿಗೆ ತಿಳಿಯದು.

ಬರುವ ವಾರ ಎಂಟನೆಯ ತರಗತಿಯವರು ಈ ಪ್ರಯೋಗವನ್ನು ವಿಜ್ಞಾನದ ಕೊಠಡಿಯಲ್ಲಿ ಮಾಡಿ ತೋರಿಸುವರು. ಚಿಕ್ಕ ತರಗತಿಗಳ ಹುಡುಗಿಯರು ಬಂದು ನೋಡಿ, ತಮಗೆ ತೋರಿದ ಪ್ರಶ್ನೆಗಳನ್ನು ಅವರಿಗೇ ಕೇಳಬಹುದು.